ಮುಳ್ಳಿನ ಪಕ್ಕಕ್ಕೆ ಸರಿಸಿದ ಚೌಕಟ್ಟು

ಕಮಲಾಪುರದ ಗುಡ್ಡದ ಮೇಲೆ ಎಳೆಯ ಸಸಿಗಳೇ ಇಲ್ಲ ಎಂದು ಬರೆದವಳು ನಾನು. ಸಸಿಗಳಿದ್ದವು. ಅವು ನನ್ನ ಕಣ್ಣಿಗೇ ಬಿದ್ದ ಮೇಲೂ ಇಲ್ಲವೆಂದೇ ಸಾಧಿಸಿದೆ. ಕೊನೆಗೆ, ಇವೆ ಎಂದು ತೋರಿಸಲು ಬಂದ ನನ್ನದೇ ವಿದ್ಯಾರ್ಥಿನಿಯನ್ನು ತುಂಬಿದ ಕೋಣೆಯಲ್ಲಿ ಸುಳ್ಳಿ ಎನ್ನಿಸಿ ಮನೆಗೆ ಕಳಿಸಿದೆ. ನಡೆದದ್ದು ಇಷ್ಟು. ಇಷ್ಟು ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು, ಏಕೆಂದರೆ ಮುಂದೆ ಬರುವುದರಲ್ಲಿ ನನ್ನನ್ನು ಪಾರು ಮಾಡುವ ಒಂದು ಮಾತೂ ಇಲ್ಲ.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಎದೆ ಬಡಿದುಕೊಂಡು ಅಳುವವಳಲ್ಲ. ತಪ್ಪೊಪ್ಪಿಕೊಳ್ಳುವವರು ತಲೆ ತಗ್ಗಿಸಿ, ದನಿ ಇಳಿಸಿ, ಮೂಲೆಯಲ್ಲಿ ನಿಲ್ಲಬೇಕೆಂದು ಯಾರು ಕಟ್ಟಳೆ ಮಾಡಿದರೋ ತಿಳಿಯದು. ಸುಳ್ಳು ಹೇಳುವಾಗ ನಾನು ತಲೆ ಎತ್ತಿಯೇ ನಿಂತಿದ್ದೆ. ನಿಜ ಹೇಳುವಾಗ ಯಾಕೆ ಬಗ್ಗಬೇಕು?

ಹೆಸರು ನಸೀಮಾ. ಕಲಬುರಗಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ, ನಿವೃತ್ತಿ ಹತ್ತಿರ ಬಂದಿದೆ. ಒಂದು ನೆಲದ ಮೇಲೆ ಗಿಡಗಳು ಹೇಗೆ ಹರಡಿಕೊಂಡಿವೆ ಎಂದು ಓದುವುದು ನನ್ನ ಕೆಲಸ. ಗಿಡ ಹುಟ್ಟಿದಲ್ಲಿ ನಿಂತಿರುತ್ತದೆ, ಅದರಲ್ಲಿ ಓದುವುದೇನಿದೆ ಎಂದು ನಮ್ಮ ಅಮ್ಮಿ ಕೇಳುತ್ತಿದ್ದಳು. ಓದುವುದಿದೆ. ಗಿಡಗಳು ಕೈಬೀಸಿ ಚೆಲ್ಲಿದ ಜೋಳದ ಹಾಗೆ ಎಲ್ಲೆಂದರಲ್ಲಿ ಬಿದ್ದಿರಬಹುದು. ನೆಟ್ಟ ಉಳ್ಳಾಗಡ್ಡಿಯ ಹಾಗೆ ಸಮ ಅಂತರದಲ್ಲಿ ಇರಬಹುದು. ಇಲ್ಲವೇ ಮದುವೆಮನೆಯ ಹೆಂಗಸರ ಹಾಗೆ ಅಲ್ಲಲ್ಲಿ ಗುಂಪು ಕಟ್ಟಿ, ನಡುವೆ ಜಾಗ ಖಾಲಿ ಬಿಟ್ಟಿರಬಹುದು. ಮೂರರಲ್ಲಿ ಯಾವುದೆಂದು ತಿಳಿದರೆ, ಯಾಕೆ ಹಾಗೆ ಎಂದು ಕೇಳಬಹುದು. ಆ ನೆಲದ ಮೇಲೆ ಯಾರು ಯಾರನ್ನು ಉಳಿಸಿದರು, ಯಾರು ಯಾರನ್ನು ತಿಂದರು ಎಂಬುದೆಲ್ಲ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ.

ಇದಕ್ಕೆ ಬೇಕಾಗುವುದು ಒಂದು ಚೌಕಟ್ಟು. ನೆಲದ ಮೇಲೆ ಅದನ್ನಿಟ್ಟು, ಒಳಗೆ ಬಂದ ಗಿಡಗಳನ್ನು ಎಣಿಸಬೇಕು. ಎಲ್ಲಿ ಇಡಬೇಕು ಎಂಬುದನ್ನು ನಾವು ಆರಿಸುವಂತಿಲ್ಲ, ಚೀಟಿ ಎತ್ತಿದ ಹಾಗೆ ಅಂಕಿ ತೆಗೆದು, ಅದು ತೋರಿದ ಕಡೆಗೇ ಹೋಗಬೇಕು. ಕಲ್ಲಿರಲಿ, ಕೆಸರಿರಲಿ, ಮುಳ್ಳಿರಲಿ, ಅಲ್ಲೇ ಇಡಬೇಕು. ನನ್ನ ಗೈಡ್ ಮೊದಲ ದಿನವೇ ಹೇಳಿದ್ದರು — ಕಾಲು ತನಗೆ ಹಿತವಾದ ಕಡೆ ಎಳೆಯುತ್ತದೆ, ಅದರ ಮಾತು ಕೇಳಬೇಡ ಎಂದು. ಹೂಂ ಎಂದಿದ್ದೆ.

ಚೌಕಟ್ಟನ್ನು ಮಾಡಿಕೊಟ್ಟವರು ನಮ್ಮ ಅಬ್ಬಾ. ಕಪನೂರದಲ್ಲಿ ಅವರದು ಸಣ್ಣ ವೆಲ್ಡಿಂಗ್ ವರ್ಕ್‌ಶಾಪ್. ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರ್ ಟ್ರಾಲಿಯ ರಿಪೇರಿ ಅವರ ಕೆಲಸ. ಮಗಳು ಡಾಕ್ಟರೇಟ್ ಮಾಡುತ್ತಾಳೆ, ಅದಕ್ಕೆ ತಮ್ಮ ಕೈಯ ಕಬ್ಬಿಣ ಬೇಕಂತೆ ಎಂದರೆ ಆ ಮನುಷ್ಯ ಎಷ್ಟು ಉಬ್ಬಿರಬೇಕು! ಒಂದು ಮಗ್ಗುಲು ಬಿಚ್ಚುವ ಹಾಗೆ ಬೋಲ್ಟ್ ಹಾಕಿಸು ಎಂದು ಗೈಡ್ ಹೇಳಿದ್ದರು, ನಾನೂ ಅಬ್ಬಾಗೆ ಹೇಳಿದ್ದೆ. ಬಿಚ್ಚಿಕೊಳ್ಳುವ ಕೆಲಸವೆಂದರೆ ಅಬ್ಬಾ ಲೆಕ್ಕದಲ್ಲಿ ಕಚ್ಚಾ ಕೆಲಸ, ಕೊಟ್ಟವನ ಮರ್ಯಾದೆ ಹೋಗುವ ಕೆಲಸ. ನಾಲ್ಕೂ ಮೂಲೆಗೆ ಭದ್ರವಾಗಿ ವೆಲ್ಡಿಂಗ್ ಹೊಡೆದು, ಉಜ್ಜಿ ನುಣುಪು ಮಾಡಿ, ಕೆಂಪು ಬಣ್ಣ ಬಳಿದು ನನ್ನ ಕೈಗಿಟ್ಟರು.

“ಪಕ್ಕಾ ಬನಾಯಾ ಬೇಟಿ. ಹಾಥಿ ಖಡಾ ಹುಯಾ ತೋ ಭೀ ನೈ ಟೂಟತಾ.”

ಆನೆ ನಿಂತರೂ ಮುರಿಯದ ಚೌಕಟ್ಟು. ಮುರಿಯಲೂ ಇಲ್ಲ. ಅದರಿಂದಲೇ ತೊಂದರೆಯಾಯಿತು. ಕಮಲಾಪುರದ ಗುಡ್ಡದ ತುಂಬ ಕವಳಿಯ ಪೊದೆಗಳು — ಆಳೆತ್ತರ, ಕವಲೊಡೆದ ಮುಳ್ಳು, ಕೈ ಹಾಕಿದರೆ ರಕ್ತ. ಬಾಯಿ ತೆರೆದ ಚೌಕಟ್ಟಾಗಿದ್ದರೆ ನೆಲದ ಮೇಲೆ ತೆವಳಿಸಿ ಪೊದೆಯ ಬುಡಕ್ಕೆ ತೂರಿಸಬಹುದಿತ್ತು. ನಾಲ್ಕೂ ಕಡೆ ಮುಚ್ಚಿದ ಕಬ್ಬಿಣ ಪೊದೆಯ ನೆತ್ತಿಯ ಮೇಲೆ ಹೋಗಿ ಕೂರುತ್ತಿತ್ತು, ನೆಲಕ್ಕೆ ಇಳಿಯುತ್ತಿರಲಿಲ್ಲ. ಮೊದಲ ಸಲ ಹಾಗಾದಾಗ ಸುತ್ತಮುತ್ತ ನೋಡಿದೆ. ಗುಡ್ಡದಲ್ಲಿ ಯಾರೂ ಇರಲಿಲ್ಲ. ಚೌಕಟ್ಟನ್ನು ಎತ್ತಿ, ಪೊದೆಯ ಪಕ್ಕದ ಹುಲ್ಲಿನ ಮೇಲೆ ಇಟ್ಟೆ. ಎರಡನೆಯ ಸಲ ಸುತ್ತ ನೋಡಲೂ ಇಲ್ಲ.

ಇಲ್ಲಿ ನಿಮಗೊಂದು ಕಾರಣ ಬೇಕಾಗಿರುತ್ತದೆ. ಬುರ್ಖಾ ಮುಳ್ಳಿಗೆ ಸಿಕ್ಕಿ ಹರಿಯುತ್ತಿತ್ತು, ಮನೆಯಲ್ಲಿ ಬೈಯುತ್ತಿದ್ದರು, ಪಾಪ ಹುಡುಗಿ ಏನು ಮಾಡಿಯಾಳು — ಹೀಗೆ ಬರೆದರೆ ಬಹಳ ಮಂದಿಗೆ ಹಿತವಾಗುತ್ತದೆ ಎಂದು ಬಲ್ಲೆ. ಬರೆಯುವುದಿಲ್ಲ. ಗುಡ್ಡ ಹತ್ತುವ ಮೊದಲೇ ಬುರ್ಖಾ ಮಡಚಿ ಚೀಲಕ್ಕೆ ಹಾಕುತ್ತಿದ್ದೆ, ಅದು ಅಮ್ಮಿಗೂ ಗೊತ್ತಿತ್ತು. ಅಬ್ಬಾ ಬಳಿ ಹೋಗಿ, ಒಂದು ಮಗ್ಗುಲು ಕೊಯ್ದುಕೊಡಿ ಎಂದಿದ್ದರೆ ಮುಖ ಸಣ್ಣದಾಗುತ್ತಿತ್ತು ನಿಜ, ಆದರೆ ಕೊಯ್ದುಕೊಡುತ್ತಿದ್ದರು. ನಾನು ಕೇಳಲಿಲ್ಲ. ಕಮಲಾಪುರದ ಬಸ್ಸು ಕಪನೂರ ದಾಟಿಯೇ ಹೋಗಬೇಕು. ಬಸ್ಸು ಬರುವ ಹೊತ್ತಿಗೆ ಅಬ್ಬಾ ವರ್ಕ್‌ಶಾಪಿನ ಬಾಗಿಲಿಗೆ ಬಂದು, ಕೈಲಿದ್ದ ಕೆಲಸ ಬಿಟ್ಟು, ಕಿಟಕಿಯಲ್ಲಿ ಆ ಕೆಂಪು ಚೌಕಟ್ಟು ಕಾಣುತ್ತದೋ ಎಂದು ನೋಡುತ್ತಿದ್ದರು. ನಾನು ಅದನ್ನು ಕಾಣುವ ಹಾಗೆ ಎತ್ತಿ ಹಿಡಿಯುತ್ತಿದ್ದೆ. ಹೇಳುವುದು ಬೇಡವೆನ್ನಿಸಿತು. ಪಕ್ಕಕ್ಕೆ ಸರಿಸಿದರೆ ಏನಾಗುತ್ತದೆ ಮಹಾ — ಅಷ್ಟೇ.

ಏನಾಯಿತೆಂದರೆ, ನಾನು ಎಣಿಸಿದ್ದೆಲ್ಲ ಪೊದೆಗಳ ನಡುವಿನ ಬಯಲನ್ನು. ಬಯಲಲ್ಲಿ ಬೇವಿನ ಸಸಿ ಇಲ್ಲ, ಬಾರಿಹಣ್ಣಿನ ಗಿಡ ಇಲ್ಲ, ಸೀತಾಫಲ ಇಲ್ಲ. ದೊಡ್ಡ ಮರಗಳಿವೆ, ಮರಿಗಳಿಲ್ಲ. ಆಡುಗಳು ಗುಡ್ಡವನ್ನು ನುಣ್ಣಗೆ ಮೇಯ್ದಿವೆ, ಇಲ್ಲಿ ಹೊಸ ಗಿಡ ಹುಟ್ಟುವ ಕಾಲ ಮುಗಿಯಿತು ಎಂದು ಬರೆದೆ. ಎಲ್ಲರೂ ತಲೆದೂಗಿದರು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆಯೇ ಇದೆಯಲ್ಲ! ಗಾದೆ ಮೊದಲೇ ಹೇಳಿಟ್ಟದ್ದನ್ನು ನಾನು ಅಂಕಿ ಸಮೇತ ಹೇಳಿದ್ದೆ, ಯಾರೂ ಪ್ರಶ್ನೆ ಕೇಳಲಿಲ್ಲ. ಡಿಗ್ರಿ ಬಂತು. ಪ್ರಬಂಧವನ್ನು ಒಂದು ಪತ್ರಿಕೆ ಒಪ್ಪಿತು. ಕಾಯಂ ಕೆಲಸದ ಸಂದರ್ಶನಕ್ಕೆ ಕರೆ ಬಂತು.

ಪ್ರಬಂಧ ಅಚ್ಚಾಗುವ ಮೊದಲು ಮಳೆಗಾಲದಲ್ಲೊಮ್ಮೆ ಗುಡ್ಡಕ್ಕೆ ಹೋಗಿದ್ದೆ. ಬಿಟ್ಟುಹೋಗಿದ್ದ ಯಾವುದೋ ಅಳತೆ ತೆಗೆದುಕೊಳ್ಳುವುದಿತ್ತು. ಕೈಯಿಂದ ಟೇಪು ಜಾರಿ ಉರುಳಿ ಕವಳಿಯ ಪೊದೆಯೊಳಗೆ ಹೋಯಿತು. ತೆಗೆಯಲು ಹೊಟ್ಟೆಯ ಮೇಲೆ ಮಲಗಿದೆ, ತಲೆ ಒಳಗೆ ತೂರಿಸಿದೆ. ಅಲ್ಲಿದ್ದವು. ಬೇವು, ಬಾರಿ, ಸೀತಾಫಲ — ಬೆರಳುದ್ದದವು, ಮೊಳದುದ್ದದವು, ಒಂದಕ್ಕೊಂದು ಅಂಟಿಕೊಂಡು. ಹಣ್ಣು ತಿಂದ ಹಕ್ಕಿಗಳು ಪೊದೆಯ ಮೇಲೆ ಕೂತು ಬೀಜ ಉದುರಿಸುತ್ತವೆ, ಕೆಳಗೆ ನೆರಳಿದೆ, ತೇವವಿದೆ, ಆಡು ಬಾಯಿ ಹಾಕಲಾರದಷ್ಟು ಮುಳ್ಳಿದೆ. ಮುಳ್ಳಿನ ಮಡಿಲಲ್ಲಿ ಬೆಳೆದ ಗಿಡ ಒಂದು ದಿನ ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾಗಿ ಪೊದೆಯಿಂದ ಹೊರಗೆ ತಲೆ ಹಾಕುತ್ತದೆ. ಗುಡ್ಡದ ಮರಗಳೆಲ್ಲ ಹುಟ್ಟಿದ್ದು ಹಾಗೆಯೇ. ಆಡುಗಳಿದ್ದೂ ಗುಡ್ಡ ಬದುಕಿತ್ತು, ಪೊದೆಗಳಿಂದಾಗಿ ಬದುಕಿತ್ತು. ಗಿಡಗಳು ಗುಂಪು ಕಟ್ಟಿದ್ದವು, ಗುಂಪು ಕಟ್ಟಿದ ಕಾರಣವೂ ನನ್ನ ಮೂಗಿನ ಮುಂದೆಯೇ ಇತ್ತು.

ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ. ಸಂತೋಷವಾಯಿತು — ಇದನ್ನು ನಂಬುವುದಾದರೆ ನಂಬಿ. ಒಂದು ಕ್ಷಣ, ಹುಡುಕುತ್ತಿದ್ದದ್ದು ಸಿಕ್ಕವಳ ಸಂತೋಷವೇ ಆಯಿತು. ಆಮೇಲೆ ಪತ್ರಿಕೆ ನೆನಪಾಯಿತು, ಸಂದರ್ಶನ ನೆನಪಾಯಿತು. ಎದ್ದು, ಸೀರೆಯ ಮಣ್ಣು ಕೊಡವಿ, ಟೇಪು ಸುತ್ತಿಕೊಂಡು ಬಸ್‌ ಸ್ಟ್ಯಾಂಡಿಗೆ ನಡೆದೆ. ಆ ದಿನದ ಮೊದಲು ಅದು ತಪ್ಪಾಗಿತ್ತು. ಆ ದಿನದಿಂದ ಸುಳ್ಳಾಯಿತು.

ಕೆಲಸ ಸಿಕ್ಕಿತು. ಬಂಧುಗಳಿಗೆಲ್ಲ ಅಮ್ಮಿ ಸಿಹಿ ಹಂಚಿದಳು. ನಮ್ಮ ಓಣಿಯ ಹೆಣ್ಣುಮಕ್ಕಳ ತಂದೆಯರು ಅಬ್ಬಾ ಹತ್ತಿರ ಬಂದು, ನಮ್ಮ ಹುಡುಗಿಯನ್ನೂ ಕಾಲೇಜಿಗೆ ಕಳಿಸಬಹುದೇ ಎಂದು ಕೇಳತೊಡಗಿದರು. ನಾನು ಬಿದ್ದರೆ ನನ್ನ ಹಿಂದೆ ಬರುವ ಹುಡುಗಿಯರ ಬಾಗಿಲೂ ಮುಚ್ಚುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ವರ್ಷ ಹೇಳಿಕೊಂಡೆ. ಕೇಳಲು ಎಷ್ಟು ಚಂದದ ಮಾತು! ಬಾಯಿ ಮುಚ್ಚಿಕೊಂಡಿರಲು ಇಷ್ಟು ದೊಡ್ಡ ಕಾರಣ ಎಲ್ಲರಿಗೂ ಸಿಗುವುದಿಲ್ಲ.

ಸ್ವಲ್ಪ ಕಾಲದಲ್ಲೇ ಗಿಡ ನೆಡಿಸುವ ಯೋಜನೆಯೊಂದು ಗುಡ್ಡಕ್ಕೆ ಬಂತು. ನನ್ನ ಪ್ರಬಂಧ ಅವರ ಕೈಯಲ್ಲಿತ್ತು. ಗುಡ್ಡದ ಒಂದು ಮಗ್ಗುಲಿಗೆ ತಂತಿ ಬೇಲಿ ಹಾಕಿ ಆಡುಗಳನ್ನು ಹೊರಗಿಟ್ಟರು. ಕವಳಿಯನ್ನು ಕೆಲಸಕ್ಕೆ ಬಾರದ ಮುಳ್ಳೆಂದು ಬುಡ ಸಮೇತ ಕಿತ್ತು ಸುಟ್ಟರು. ಆಮೇಲೆ ಸಾಲಾಗಿ ಗುಂಡಿ ತೋಡಿ ಗಿಡ ನೆಟ್ಟರು. ಸಮ ಅಂತರ ಎಂದು ಪಾಠ ಮಾಡುತ್ತೇನಲ್ಲ, ಆ ಗುಡ್ಡದಲ್ಲಿ ಅದು ನನ್ನ ಕಣ್ಣಿಗೆ ಬಿದ್ದದ್ದು ಆ ಗುಂಡಿಗಳಲ್ಲಿ ಮಾತ್ರ. ಹೊತ್ತಿಸಿದ ಕವಳಿಯ ಬುಡದಲ್ಲಿ ಏನೇನಿತ್ತೆಂದು ಈ ಭೂಮಿಯ ಮೇಲೆ ನನಗೊಬ್ಬಳಿಗೆ ಗೊತ್ತಿತ್ತು. ನಾನು ತರಗತಿಯಲ್ಲಿ ಹಾಜರಿ ಕೂಗುತ್ತಿದ್ದೆ.

ಶರಣಮ್ಮ ನನ್ನ ಬಳಿ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಕಮಲಾಪುರದವಳು, ಗುಡ್ಡದ ಬುಡದಲ್ಲೇ ಮನೆ. ತಂದೆ ಆಡು ಕಾಯುತ್ತಿದ್ದವರು, ಬೇಲಿ ಹಾಕಿದ ಮೇಲೆ ಬಹುಪಾಲು ಆಡು ಮಾರಿ, ಅದೇ ಬೇಲಿಗೆ ಕಾವಲುಗಾರನಾಗಿ ಸೇರಿದ್ದರು. ಇದನ್ನೆಲ್ಲ ಅವಳು ಮೊದಲ ದಿನವೇ, ಏನೂ ಮುಚ್ಚಿಡದೆ ಹೇಳಿದಳು. ಬೇಲಿ ಇಲ್ಲದ ಇನ್ನೊಂದು ಮಗ್ಗುಲಿನಲ್ಲಿ ಗಿಡಗಳ ಹರಹು ಅಳೆಯಬೇಕು ಎಂದಳು. ನಾನು ಒಪ್ಪಿದೆ. ಯಾಕೆ ಒಪ್ಪಿದೆ? ಬೇರೆ ಜಾಗ ಆರಿಸಿಕೋ ಎನ್ನಬಹುದಿತ್ತು. ಬಹುಶಃ ಅವಳು ಕಂಡುಹಿಡಿಯಲಿ ಎಂದೇ — ಇಲ್ಲ, ಇದನ್ನು ಮುಂದುವರಿಸುವುದಿಲ್ಲ. ಮುಂದುವರಿಸಿದರೆ ನನ್ನನ್ನು ಒಳ್ಳೆಯವಳು ಮಾಡಿಕೊಳ್ಳುತ್ತೇನೆ.

ನನ್ನ ಚೌಕಟ್ಟನ್ನೇ ಅವಳಿಗೆ ಕೊಟ್ಟಿದ್ದೆ. ಅಷ್ಟು ಹೊತ್ತಿಗೆ ಅಬ್ಬಾ ತೀರಿಕೊಂಡಿದ್ದರು. ಒಂದು ವಾರಕ್ಕೇ ವಾಪಸು ತಂದಳು.

“ಮೇಡಂ, ಇದು ಕಂಟಿ ಬುಡಕ ಹೋಗಂಗಿಲ್ರಿ. ಒಂದ್ ಮಗ್ಗಲ ಕೊಯ್ಸಲೇನ್ರಿ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮ ಅಬ್ಬಾ ಮಾಡಿದ್ದು, ಕೈ ಹಚ್ಚಬೇಡ ಎಂದೆ. ಅವಳು ಚೌಕಟ್ಟನ್ನು ಗೋಡೆಗೆ ಒರಗಿಸಿ ಹೋದಳು. ನೀರಿನ ಪ್ಲಾಸ್ಟಿಕ್ ಪೈಪು ಕತ್ತರಿಸಿ ತಾನೇ ಮೂರು ಮಗ್ಗುಲಿನದೊಂದನ್ನು ಮಾಡಿಕೊಂಡಳು, ನಾಲ್ಕನೆಯ ಮಗ್ಗುಲಿಗೆ ಹಗ್ಗ. ಅದನ್ನು ತೂರಿಸಿ, ತಾನೂ ತೂರಿ, ಮೊಣಕೈ ತುಂಬ ಗೀರು ಮಾಡಿಕೊಂಡು ಎಣಿಸಿದಳು. ಲೆಕ್ಕ ತಂದು ನನ್ನ ಮುಂದಿಟ್ಟಳು. ಬಯಲಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಪೊದೆಯ ಕೆಳಗೆ ಕಿಕ್ಕಿರಿದ ಅಂಕಿ. ಚೆನ್ನಾಗಿದೆ, ಇನ್ನೊಮ್ಮೆ ನೋಡು ಎಂದೆ. ಇನ್ನೊಮ್ಮೆ ನೋಡಿ ಬಂದಳು, ಮತ್ತೆ ಅದೇ. ಮತ್ತೊಮ್ಮೆ ನೋಡು ಎಂದೆ. ಹೀಗೆ ಅವಳನ್ನು ಬಿಸಿಲಿಗೆ ಅಟ್ಟುತ್ತಲೇ ಇದ್ದೆ. ಅವಳು ದಣಿದು ಬಿಡಲಿ ಎಂದು ಕಾಯುತ್ತಿದ್ದೆ. ಅವಳು ಬಿಡುವವಳಲ್ಲ.

ಕೊನೆಗೆ ವಿಭಾಗದ ಸೆಮಿನಾರ್ ಕೋಣೆಯಲ್ಲಿ ಅವಳು ತನ್ನ ಕೆಲಸ ಮಂಡಿಸುವ ದಿನ ಬಂತು. ಬೇರೆ ಕಾಲೇಜಿನವರೂ ಬಂದಿದ್ದರು, ಯೋಜನೆಯವರೂ ಬಂದಿದ್ದರು. ಅಂಜದೆ, ಒಂದೊಂದೇ ಚಿತ್ರ ತೋರಿಸಿ ಹೇಳಿದಳು. ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, ನಿಮ್ಮ ಗೈಡ್ ಇದೇ ಗುಡ್ಡದ ಬಗ್ಗೆ ಇದಕ್ಕೆ ತದ್ವಿರುದ್ಧ ಬರೆದಿದ್ದಾರಲ್ಲ, ಏನು ಹೇಳುತ್ತೀರಿ ಎಂದು ಕೇಳಿದರು. ಶರಣಮ್ಮ ಉತ್ತರ ಹೇಳದೆ ನನ್ನ ಕಡೆ ನೋಡಿದಳು. ನನಗೆ ಬಿಟ್ಟುಕೊಟ್ಟಿದ್ದಳು ಆ ಜಾಗವನ್ನು. ಇಡೀ ಕೋಣೆ ನನ್ನ ಕಡೆ ತಿರುಗಿತು. ನಾನು ತಪ್ಪಿದ್ದೆ, ಹುಡುಗಿ ಸರಿ — ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಮರ್ಯಾದೆ ಕೂಡ ಹೆಚ್ಚುತ್ತಿತ್ತೋ ಏನೋ. ಎದ್ದು ನಿಂತೆ, ಅವಳದೇ ಊರಿನ ಮಾತಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಅಂದೆ —

“ನಿಮ್ಮ ಮನ್ಯಾಗ ಆಡು ಅದಾವ, ಶರಣಮ್ಮ. ನೀ ಗಿಡ ಎಣಿಸಿಲ್ಲ. ನಿನಗ ಏನ್ ಬೇಕಾಗಿತ್ತೋ ಅದನ್ನ ಎಣಿಸೀದಿ.”

ಯಾರೋ ನಕ್ಕರು. ಇನ್ಯಾರೋ ಅದೇ ಗಾದೆ ಹೇಳಿದರು, ಆಡು ಮುಟ್ಟದ ಸೊಪ್ಪಿಲ್ಲ ಎಂದು. ಪೈಪಿನ ಚೌಕಟ್ಟು, ಹಗ್ಗದ ಅಳತೆ, ಇದನ್ನು ನಂಬುವುದು ಹೇಗೆ ಎಂದು ನಾನು ಮುಂದುವರಿಸಿದೆ, ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸುವುದೂ ಕಷ್ಟ. ಶರಣಮ್ಮ ಅಳಲಿಲ್ಲ. ಗೋಡೆಯ ಮೇಲಿನ ಚಿತ್ರಗಳನ್ನು ಸಾವಕಾಶವಾಗಿ ತೆಗೆದು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಹೊರಗೆ ಹೋದಳು. ಮರುದಿನ ಪ್ರಯೋಗಾಲಯದ ಟೇಪು ವಾಪಸು ಕೊಡಲು ಬಂದವಳು ನನ್ನ ಕೋಣೆಗೆ ಬರದೆ ಅಟೆಂಡರ್ ಕೈಯಲ್ಲಿ ಕೊಟ್ಟು ಹೋದಳಂತೆ. ಮತ್ತೆ ಬರಲಿಲ್ಲ. ಅವಳ ಡಿಗ್ರಿ ಅಲ್ಲಿಗೇ ನಿಂತಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುತ್ತಾರಲ್ಲ, ಹಾಗೆ.

ಈಗ ಯಾಕೆ ಹೇಳುತ್ತಿದ್ದೀರಿ ಎಂದು ಕೇಳುತ್ತೀರಿ. ಮನಸ್ಸಾಕ್ಷಿ ಕಚ್ಚಿತು ಎನ್ನಲಾರೆ, ಅದು ಇಷ್ಟು ವರ್ಷ ಚೆನ್ನಾಗಿಯೇ ನಿದ್ದೆ ಮಾಡಿತ್ತು. ಕೆಲವು ತಿಂಗಳ ಹಿಂದೆ ಯೋಜನೆಯವರು ಮನೆಗೆ ಬಂದರು. ಸೇಡಂ ರಸ್ತೆಯ ನನ್ನ ಮನೆಯಲ್ಲಿ ಕೂತು, ಚಹಾ ಕುಡಿದು, ಗುಡ್ಡದ ಉಳಿದ ಮಗ್ಗುಲಿಗೂ ಬೇಲಿ ಹಾಕಿ ಕಂಟಿ ಕಿತ್ತು ಗಿಡ ನೆಡುತ್ತೇವೆ, ಆಧಾರವೆಲ್ಲ ನಿಮ್ಮ ಪ್ರಬಂಧವೇ, ಉದ್ಘಾಟನೆಗೆ ನೀವೇ ಬರಬೇಕು, ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಎಂದರು. ಮೊದಲ ಮಗ್ಗುಲಿನ ಗಿಡಗಳು ಹೇಗಿವೆ ಎಂದು ಕೇಳಿದೆ. ಅವು ಸ್ವಲ್ಪ ಹೋಗ್ಯಾವ್ರಿ ಮೇಡಂ ಎಂದರು.

ಮರುದಿನವೇ ಕಮಲಾಪುರಕ್ಕೆ ಹೋದೆ. ಸ್ವಲ್ಪ ಅಲ್ಲ, ಎಲ್ಲವೂ ಹೋಗಿದ್ದವು. ತುಕ್ಕು ಹಿಡಿದ ತಂತಿಯ ಒಳಗೆ ಗುಂಡಿಗಳ ಸಾಲು, ಒಣ ಕಡ್ಡಿ. ಈಚೆ ಮಗ್ಗುಲಿನಲ್ಲಿ ಕವಳಿ ಹಾಗೇ ಇತ್ತು. ಶರಣಮ್ಮ ಎಣಿಸಿದ್ದ ಸಸಿಗಳಲ್ಲಿ ಕೆಲವು ಪೊದೆ ಸೀಳಿಕೊಂಡು ಮೇಲೆದ್ದು ನಿಂತಿದ್ದವು, ನನ್ನ ತಲೆಗಿಂತ ಎತ್ತರ. ಅವಳನ್ನು ಸುಳ್ಳಿ ಎಂದ ಮೇಲೂ ಬೆಳೆಯುತ್ತಲೇ ಇದ್ದ ಬೇವಿನ ಗಿಡಗಳವು. ಒಂದರ ಕಾಂಡಕ್ಕೆ ಕೈ ಹಚ್ಚಿ ನಿಂತೆ. ನಾಚಿಕೆಯಾಯಿತು. ಇದೊಂದನ್ನು ಮಾತ್ರ ಹೀಗೆ ನೇರವಾಗಿ ಹೇಳುತ್ತೇನೆ — ಬಹಳ ನಾಚಿಕೆಯಾಯಿತು.

ಗುಡ್ಡ ಇಳಿದು ಶರಣಮ್ಮನ ಮನೆಗೆ ಹೋದೆ. ಅವಳೀಗ ಕಮಲಾಪುರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಆಗಷ್ಟೇ ಶಾಲೆಯಿಂದ ಬಂದಿದ್ದಳು, ಬೆರಳಲ್ಲಿ ಇನ್ನೂ ಸೀಮೆಸುಣ್ಣ. ನನ್ನನ್ನು ನೋಡಿ ಒಂದು ಗಳಿಗೆ ಬಾಗಿಲಲ್ಲೇ ನಿಂತಳು, ಆಮೇಲೆ ಒಳಗೆ ಕರೆದು, ಕುರ್ಚಿ ಕೊಟ್ಟು, ನೀರು ಕೊಟ್ಟಳು. ಊರಿನ ಕೆಂಪು ಬಾಳೆಹಣ್ಣನ್ನೂ ತಟ್ಟೆಯಲ್ಲಿ ತಂದಿಟ್ಟಳು. ನಾನು ಎಲ್ಲ ಹೇಳಿದೆ. ಟೇಪು ಉರುಳಿದ್ದನ್ನೂ ಹೇಳಿದೆ, ಅದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ನಾನು ತಪ್ಪು ತಿಳಿದು ಅಂದಿದ್ದೇನೆ ಎಂದು ಇಷ್ಟು ವರ್ಷ ನಂಬಿದ್ದಳಂತೆ. ಗೊತ್ತಿದ್ದೇ ಅಂದದ್ದೆಂದು ಕೇಳಿದಾಗ ಅವಳ ಮುಖ ಏನಾಯಿತೆಂದು ನಾನು ಬರೆಯಲಾರೆ. ಗಡಿಬಿಡಿಯಲ್ಲಿ ಮಾತು ಮುಂದುವರಿಸಿದೆ. ಕ್ಷಮಿಸು ಎಂದೆ, ಪತ್ರಿಕೆಗೆ ತಿದ್ದುಪಡಿ ಬರೆಯುತ್ತೇನೆ, ಅದರಲ್ಲಿ ನಿನ್ನ ಹೆಸರನ್ನೇ ಮೊದಲು ಹಾಕುತ್ತೇನೆ ಎಂದೆ.

“ಹೆಸರು ಬ್ಯಾಡ್ರಿ ಮೇಡಂ,” ಅಂದಳು. “ಅವತ್ತು ಅಷ್ಟು ಮಂದಿ ಮುಂದ ಅಂದ್ರಿ. ಇವತ್ತ ನಮ್ಮ ಮನ್ಯಾಗ ಕುಂತು, ಯಾರೂ ಇಲ್ಲದಾಗ ಮಾಫಿ ಕೇಳಾಕತ್ತೀರಿ. ಎಲ್ಲಿ ಅಂದೀರಿ, ಅಲ್ಲೇ ನಿಂತು ವಾಪಸ್ ತಗೋರಿ.”

ದನಿ ಏರಿಸಲಿಲ್ಲ. ಹಣ್ಣು ತಿನ್ರಿ ಎಂದು ತಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದಳು. ತಿಂದೆ.

ಮರಳಿ ಬಂದು ಯೋಜನೆಯವರಿಗೆ ಹೇಳಿದೆ — ನನ್ನ ಪ್ರಬಂಧ ಸುಳ್ಳು, ಅದನ್ನು ನಂಬಿ ಕವಳಿಗೆ ಕೈ ಹಚ್ಚಬೇಡಿ, ಹಚ್ಚಿದರೆ ನಾನೇ ಬಂದು ಅಡ್ಡ ನಿಲ್ಲುತ್ತೇನೆ ಎಂದು. ಪ್ರಬಂಧವನ್ನು ಹಿಂತೆಗೆದುಕೊಳ್ಳಿ ಎಂದು ಪತ್ರಿಕೆಗೂ ಬರೆದೆ. ಸುದ್ದಿ ಹರಡಲು ತಡವಾಗಲಿಲ್ಲ. ವಿಭಾಗದ ಮುಖ್ಯಸ್ಥರು ಕರೆದು ಬಹಳ ಪ್ರೀತಿಯಿಂದ ಮಾತಾಡಿದರು. ಆದದ್ದು ಆಗಿಹೋಯಿತು, ಎಲ್ಲರೂ ಅಷ್ಟಿಷ್ಟು ಸರಿಸಿದವರೇ, ನಿವೃತ್ತಿಯ ಹೊತ್ತಿಗೆ ಯಾಕೆ ಹೆಸರು ಕೆಡಿಸಿಕೊಳ್ಳುತ್ತೀರಿ, ವಿಭಾಗದ ಹೆಸರನ್ನೂ ಯಾಕೆ ಕೆಡಿಸುತ್ತೀರಿ ಎಂದರು. ನನ್ನ ಹೆಸರು ಕೆಡಲಿ ಎಂದೇ ಹೊರಟಿದ್ದೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ತಮ್ಮ ಸಲೀಂ ನೊಂದುಕೊಂಡ. ಕಪನೂರದ ವರ್ಕ್‌ಶಾಪನ್ನು ಈಗ ಅವನೇ ನಡೆಸುತ್ತಾನೆ, ಅಲ್ಲಿಗೇ ಹೋಗಿದ್ದೆ. ನಮ್ಮ ಹುಡುಗಿಯರು ಎರಡು ಪಟ್ಟು ಒಳ್ಳೆಯವರಾಗಿದ್ದರೂ ಜನ ಅರ್ಧವೇ ನಂಬುತ್ತಾರೆ ಆಪಾ, ನೀನು ಹೀಗಂದರೆ ಅವರ ಗತಿಯೇನು ಎಂದ. ನನ್ನ ಹಳೆಯ ಮಾತೇ ಅವನ ಬಾಯಲ್ಲಿ ಬಂದಿತ್ತು. ಒಬ್ಬ ಹುಡುಗಿ ಈಗಾಗಲೇ ಬಿದ್ದಿದ್ದಾಳೆ, ತಳ್ಳಿದವಳು ನಾನು, ಮೊದಲು ಅವಳ ಗತಿ ಹೇಳು ಎಂದೆ. ಯಾರೋ ನಮ್ಮನ್ನು ಅರ್ಧ ನಂಬುತ್ತಾರೆಂದು ನಾನು ಪೂರ್ತಿ ಸುಳ್ಳು ಹೇಳಬೇಕೇ? ನಮ್ಮ ಹುಡುಗಿಯರಿಗೆ ನಾನು ಬಿಟ್ಟುಹೋಗುವ ಆಸ್ತಿ ಅದೇ ಆಗಬೇಕೇ? ಸಂಗಡ ತಂದಿದ್ದ ಕೆಂಪು ಚೌಕಟ್ಟನ್ನು ಅವನ ಮುಂದಿಟ್ಟು, ಒಂದು ಮಗ್ಗುಲು ಕೊಯ್ಯಿ ಎಂದೆ.

ಅವನು ಚೌಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಅಬ್ಬಾ ಹೊಡೆದ ವೆಲ್ಡಿಂಗಿನ ಮೇಲೆ ಹೆಬ್ಬೆರಳು ಆಡಿಸಿದ. ಇಷ್ಟು ವರ್ಷವಾದರೂ ಒಂದು ಮೂಲೆಯೂ ಬಿಟ್ಟಿಲ್ಲ ನೋಡು ಎಂದ. ಹೌದು, ಕೊಯ್ಯಿ ಎಂದೆ. ಕಟರ್ ಹಚ್ಚಿದ. ಕಿಡಿ ಹಾರಿತು, ಸುಟ್ಟ ಬಣ್ಣದ ವಾಸನೆ ಬಂತು. ಅಬ್ಬಾ ಇದ್ದಿದ್ದರೆ — ಇದ್ದಾಗಲೇ ಕೇಳಬೇಕಿತ್ತು, ಕೇಳಲಿಲ್ಲ. ಅಬ್ಬಾ ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಕಬ್ಬಿಣ ಹೇಗಿರಬೇಕೋ ಹಾಗಿತ್ತು, ಅದನ್ನು ಎತ್ತಿ ಪಕ್ಕಕ್ಕೆ ಇಟ್ಟ ಕೈ ನನ್ನದು.

ಮುಂದಿನ ವಾರ ವಿಭಾಗದಲ್ಲಿ ನನ್ನ ಬೀಳ್ಕೊಡುಗೆಯ ಉಪನ್ಯಾಸ. ಅದೇ ಕೋಣೆ. ಮುಖ್ಯಸ್ಥರು ಬೇರೆ ವಿಷಯ ಕೊಟ್ಟಿದ್ದಾರೆ, ಇರಲಿ. ಅಂದು ಅಲ್ಲಿ ಕೂತು ನಕ್ಕವರಿಗೂ ಗಾದೆ ಹೇಳಿದವರಿಗೂ ಖುದ್ದಾಗಿ ಫೋನ್ ಮಾಡಿ ಕರೆದಿದ್ದೇನೆ. ಶರಣಮ್ಮನಿಗೂ ಹೇಳಿದ್ದೇನೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಬಂದರೂ ಬರದಿದ್ದರೂ ನಾನು ಹೇಳುವುದು ಬದಲಾಗುವುದಿಲ್ಲ. ಮೈಕು ಕಿತ್ತುಕೊಂಡರೆ ಮೈಕಿಲ್ಲದೆ ಹೇಳುತ್ತೇನೆ, ಅಂದೂ ಮೈಕು ಇರಲಿಲ್ಲ. ಉಪನ್ಯಾಸಕ್ಕೆ ಬರಲಾಗದವರು, ಸತ್ತವರು, ದೂರದೂರಿಗೆ ಹೋದವರು ಇದ್ದಾರೆ, ಅವರ ಮನೆಯವರಾದರೂ ಓದಲಿ ಎಂದು ಇಲ್ಲಿಯೂ ಬರೆಯುತ್ತಿದ್ದೇನೆ.

ಕಮಲಾಪುರದ ಶರಣಮ್ಮ ಗಿಡಗಳನ್ನೇ ಎಣಿಸಿದ್ದಳು. ತನಗೆ ಬೇಕಾದ್ದನ್ನು ಎಣಿಸಿದವಳು ನಾನು.